ಮೇಲಕ್ಕೆ ಹರಿಯುವ ನದಿಗೆ ಮುಂಗಡ

ಪೆನ್ನಿನ ಕ್ಯಾಪನ್ನು ಯಾರೋ ಕಚ್ಚಿದ್ದಾರೆ, ಹಲ್ಲಿನ ಗುರುತು ಹಾಗೇ ಇದೆ, ಇದೇ ಕುರ್ಚಿಯಲ್ಲಿ ಕೂತು ಸಹಿ ಹಾಕಲು ಹೆದರಿದವರು ತನಗಿಂತ ಮೊದಲೂ ಇದ್ದರೇನೋ ಪಾಪ, ಎಂದುಕೊಂಡಳು ಅವಳು, ಕರಾರು ಓದಿ ನೋಡಿ, ಒಂದೇ ನಿಮಿಷ ಬಂದೆ ಅಂತ ಸಂಪಾದಕಿ ಎದ್ದುಹೋಗಿ ಹತ್ತು ನಿಮಿಷವಾಯಿತು, ಪ್ರಕಾಶಕರ ಕೋಣೆಗೆಲ್ಲ ಅಂಟಿನ ವಾಸನೆ, ಅವಳ ಮೂಗಿನಲ್ಲೋ ಹದಿನಾಲ್ಕು ವರ್ಷದಿಂದ ಆಸ್ಪತ್ರೆ ಲಾಂಡ್ರಿಯ ಬಿಸಿ ಬಟ್ಟೆಯ ವಾಸನೆಯೇ ಮನೆ ಮಾಡಿದೆ, ಹೊದಿಕೆ ಮಡಿಸು, ಇಸ್ತ್ರಿ ಒತ್ತು, ಮತ್ತೆ ಮಡಿಸು, ಆ ಮಡಿಕೆಗಳ ನಡುವೆಯೇ ಹುಟ್ಟಿದವರು ನೆರಳು ಮಾರುವ ಮುದುಕಿ, ಉಪ್ಪಿನ ಕೋಟೆಯ ರಾಜ, ಮೀನಿನ ಮಾತು ಬಲ್ಲ ಅಂಬಿಗರು — ಹೇಳಿದ್ದರೆ ಇವಳಿಗೆ ತಲೆ ಕೆಟ್ಟಿದೆ ಅಂತಿದ್ದರು, ಈಗ ನೋಡಿದರೆ ಮೊದಲ ಫ್ಯಾಂಟಸಿ ಕಾದಂಬರಿಗೇ ಮುಂಗಡ, ಎರಡನೇ ಭಾಗ ಬರೆಯುವ ಮೊದಲೇ ಅದಕ್ಕೂ ಸೇರಿಸಿ ಮುಂಗಡ, ಹೀಗೂ ಕೊಡುವವರಿದ್ದಾರಾ ಲೋಕದಲ್ಲಿ, ಆರು ತಿಂಗಳು ಸಂಬಳವಿಲ್ಲದ ರಜೆ ಹಾಕಬಹುದು, ಹಗಲಿನಲ್ಲಿ ಬರೆಯಬಹುದು, ಕಾಲು ಚಾಚಿ ಕೂತು ಬರೆಯಬಹುದು — ಆದರೆ ಈ ಎರಡನೇ ಪುಟ, ನದಿಯು ಸಮುದ್ರದಿಂದ ಬೆಟ್ಟಕ್ಕೆ ಹರಿಯುವುದರ ರಹಸ್ಯವನ್ನು ಬಿಡಿಸುವ ಎರಡನೇ ಭಾಗವನ್ನು ಲೇಖಕಿಯು ವರ್ಷದೊಳಗೆ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಮುಂಗಡವನ್ನು ಹಿಂದಿರುಗಿಸತಕ್ಕದ್ದು. ಯಾವ ರಹಸ್ಯ? ಮಣ್ಣಾಂಗಟ್ಟಿ ರಹಸ್ಯ.

ಅದು ರಹಸ್ಯವಲ್ಲ, ಬರೀ ತಪ್ಪು, ಅಡುಗೆಮನೆಯ ಮೇಜಿನ ಮೇಲೆ ಅವಳು ಭೂಪಟ ಬರೆದಿದ್ದಳು, ನಿನ್ನ ರಾಜ್ಯಕ್ಕೆ ಬಣ್ಣ ನಾನು ಹಾಕ್ತೀನಿ ಕೊಡೇ ಅಂದರು ಅಪ್ಪ, ಎದುರಿಗೆ ಕೂತಿದ್ದರು, ಅವರಿಗೆ ಇಡೀ ರಾಜ್ಯವೇ ತಲೆಕೆಳಗು, ನೀಲಿ ಪೆನ್ಸಿಲಿನಲ್ಲಿ ನದಿಗೊಂದು ಬಾಣ ಹಾಕಿದರು, ಬೆಟ್ಟದ ಕಡೆಗೆ, ಅವಳು ಅದನ್ನು ಗೋಡೆಗೆ ಅಂಟಿಸಿ ಬಾಣ ನೋಡಿ ನೋಡಿಯೇ ಬರೆದಳು, ಇಪ್ಪತ್ತೇಳು ಅಧ್ಯಾಯ ದೋಣಿಗಳು ಹುಟ್ಟು ಹಾಕದೆ ಬಂದರಿನಿಂದ ಬೆಟ್ಟಕ್ಕೆ ತೇಲಿಹೋದವು, ಅಯ್ಯೋ ನನ್ನ ಬುದ್ಧಿಯೇ, ಒಂದು ಸಲವೂ ಹೊಳೆಯಲಿಲ್ಲ, ಹೊಳೆದದ್ದು ಸಂಪಾದಕಿಯ ಫೋನು ಬಂದಾಗ, ಅದೇನ್ರೀ ನದಿ ಮೇಲಕ್ಕೆ ಹರಿಯುತ್ತೆ, ಬೇಕಂತಲೇ ಮಾಡಿದ್ದಾ? ಹೌದು ಮೇಡಂ, ಬೇಕಂತಲೇ, ಕಾರಣ ಎರಡನೇ ಭಾಗದಲ್ಲಿ ಬರುತ್ತೆ. ಎಲುಬಿಲ್ಲದ ನಾಲಿಗೆ. ಹೇಳಿದ್ದು ಒಂದು ಕ್ಷಣ, ಈಗ ಅದೇ ಕರಾರಿನಲ್ಲಿ ಅಚ್ಚಾಗಿ ಕೂತಿದೆ, ಸಹಿ ಹಾಕಿ ಬರೆಯಲಾಗದಿದ್ದರೆ? ಹಾಕದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಹೊದಿಕೆ, ಇಸ್ತ್ರಿ, ಹೊದಿಕೆ —

ಟಿಂಗ್ ಅಂತು ಹೊರಗೆ ಲಿಫ್ಟು, ಯಾವ ಮಹಡಿ ತಾಯಿ, ನಿಧಾನ, ಬಾಗಿಲು ನೋಡ್ಕೊಳ್ಳಿ, ಜೊತೆಗೆ ಬಂದ ಅಪ್ಪನ ದನಿ, ಇನ್ನೂ ಅದರಲ್ಲೇ ಇದ್ದಾರಾ ಪುಣ್ಯಾತ್ಮರು, ಕುರ್ಚಿ ತೋರಿಸಿದರೂ ಕೂರಲಿಲ್ಲ, ಮೂವತ್ತೊಂದು ವರ್ಷ ಲಿಫ್ಟು ನಡೆಸಿ ನಿವೃತ್ತರಾದವರು, ಇಲ್ಲಿ ಜನ ತಾವೇ ಗುಂಡಿ ಒತ್ತಿಕೊಳ್ಳುವುದನ್ನು ಕಂಡು, ಛೆ, ಹೇಳೋರು ಕೇಳೋರು ಯಾರೂ ಇಲ್ವಾ ಇದಕ್ಕೆ ಅಂತ ಒಳಗೆ ನಿಂತೇಬಿಟ್ಟರು, ಅಂಥವರ ಮೇಲೆ ಫೋನು ಬಂದ ದಿನ ಎಷ್ಟು ಕೂಗಾಡಿದೆ, ಏನಪ್ಪಾ ಇದು, ನೀರು ಎಲ್ಲಾದ್ರೂ ಮೇಲೆ ಹತ್ತುತ್ತಾ, ನೋಡ್ಕೊಂಡು ಹಾಕಬಾರದಿತ್ತಾ, ಅವರು ಪೆನ್ಸಿಲು ಚೂಪು ಮಾಡುತ್ತ ತಲೆಯೆತ್ತದೆ ಅಂದಿದ್ದರು, ನೋಡ್ಕೊಂಡೇ ಹಾಕಿದ್ದು ಕಣೇ, ಅಷ್ಟೆತ್ತರದಲ್ಲಿ ಒಂಟಿ ನಿಂತಿದೆ ಆ ಬೆಟ್ಟ, ಅದಕ್ಕೆ ಬಾಯಾರಿಕೆ ಆಗಲ್ವಾ? ಅವಳು ಬಾಗಿಲು ದಢಾರನೆ ಹಾಕಿಕೊಂಡಿದ್ದಳು, ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ, ಬಾಯಾರಿದ ಬೆಟ್ಟ, ಬೆಟ್ಟಕ್ಕೆ ಬಾಯಾರಿಕೆ ಯಾಕೆ, ಅದರ ನೀರು ಎಲ್ಲಿ ಹೋಯಿತು — ಆ ಮುದುಕಿ! ನೆರಳು ಮಾರುವ ಮುದುಕಿ ಇಪ್ಪತ್ತೇಳು ಅಧ್ಯಾಯದಲ್ಲಿ ಒಂದು ಗುಟುಕು ನೀರು ಕುಡಿದಿಲ್ಲ, ಬಿಸಿಲಲ್ಲಿ ನಡೆದಳು, ಊಟ ಮಾಡಿದಳು, ನೀರು ಮಾತ್ರ ಬೇಡವೆಂದಳು, ಬರೆದವಳಿಗೇ ಗೊತ್ತಿರಲಿಲ್ಲ ಯಾಕೆಂದು, ಯಾಕೆಂದರೆ ಬೆಟ್ಟದ ನೀರನ್ನೆಲ್ಲ ಕುಡಿದವಳು ಅವಳೇ, ಹೊಟ್ಟೆಯಲ್ಲಿ ಝರಿ ಹೊತ್ತುಕೊಂಡೇ ಓಡಾಡುತ್ತಿದ್ದಾಳೆ ಕಳ್ಳಿ — ಅಷ್ಟರಲ್ಲಿ ಸಂಪಾದಕಿ ಬಂದೇಬಿಟ್ಟರು, ಓದಿದ್ರಾ, ಏನಾದ್ರೂ ಅನುಮಾನ ಇದ್ಯಾ? ಮೇಡಂ, ಫೋನಲ್ಲಿ ನಾನು ಸುಳ್ಳು ಹೇಳಿದ್ದೆ, ನದಿ ಹಾಗೆ ಬಂದಿದ್ದು ತಪ್ಪಿನಿಂದ, ಅವತ್ತು ಯಾವ ರಹಸ್ಯಾನೂ ಇರಲಿಲ್ಲ. ಸಂಪಾದಕಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು, ಆಯ್ತು, ಎಲ್ಲ ಮುಗಿಯಿತು ಅಂದುಕೊಂಡಳು. ಈಗ ಇದ್ಯಾ ರಹಸ್ಯ? ಈಗ ಇದೆ ಮೇಡಂ, ಬೆಟ್ಟಕ್ಕೆ ಬಾಯಾರಿಕೆ, ಅದರ ನೀರನ್ನ ಮುದುಕಿ ಕುಡಿದುಬಿಟ್ಟಿದ್ದಾಳೆ. ಸಂಪಾದಕಿ ನಕ್ಕುಬಿಟ್ಟರು, ಸುಳ್ಳು ಹೇಳೋರಿಗೇ ಕಣ್ರೀ ನಾವು ದುಡ್ಡು ಕೊಡೋದು, ಇಲ್ಲಾಂದ್ರೆ ಈ ಕಥೆಗಳನ್ನ ಯಾರು ಬರೀತಾರೆ, ಹಾಕಿ ಸಹಿ. ಹೊರಗೆ ಟಿಂಗ್, ಮೇಲೆ ಹೋಗೋರು ಬನ್ನಿ, ಜಾಗ ಇದೆ ಬನ್ನಿ ಅನ್ನುತ್ತಿದ್ದಾರೆ ಅಪ್ಪ, ಪೆನ್ನು ಕಾಗದಕ್ಕೆ ತಾಗಿತು, ಶಾಯಿ ನೀಲಿ, ಅಡುಗೆಮನೆಯ ಮೇಜು, ಅಪ್ಪನ ಕೈ, ನೀಲಿ ಬಾಣ, ಬೆಟ್ಟದ ಕಡೆಗೆ, ನೀಲಿ ಬಾಣ —