ಕಾವಲಿನವನ ಮುಖ

ಕಪ್ಪೇ ಮೊದಲು ಬರುವುದು, ಸುರಂಗದ ಬಾಯಿ, ಆಮೇಲೆ ಹಳಿಯ ಎರಡು ಗೆರೆ, ಜಲ್ಲಿ, ಟ್ರೇಯನ್ನು ಅಲ್ಲಾಡಿಸುತ್ತಲೇ ಇದ್ದೇನೆ, ಕೆಂಪು ದೀಪದ ಕೆಳಗೆ ಫೋಟೋ ಕಾಗದದ ಮೇಲೆ ಅಂಗಿ ಮೂಡುತ್ತಿದೆ, ಬೆವರಿನ ಪಟ್ಟೆ, ಕುತ್ತಿಗೆ, ಕೈಯಲ್ಲಿ ಬಾವುಟ — ಇದೂ ಬೆನ್ನೇ. ಬಾಗಿಲಾಚೆ ಬೆಂಚು ಕಿರ್ ಎಂದಿತು, ತಮ್ಮಾ, ಸಿಕ್ತಾ, ಅನ್ನುತ್ತಾಳೆ ಸತ್ತ ಕಾವಲಿನವನ ಹೆಂಡತಿ, ನೋಡ್ತಿದೀನಿ ಅಕ್ಕ, ಬಾಗಿಲು ಮಾತ್ರ ತೆಗೀಬೇಡಿ, ಬೆಳಕು ಬಿದ್ರೆ ಎಲ್ಲಾ ಹಾಳಾಗುತ್ತೆ. ಬಂದ ಕೂಡಲೇ ಹೇಳಿದಳು, ಗೋಡೆಗೆ ಹಾಕೋಕೆ ಒಂದು ಮುಖ ಬೇಕು, ರೈಲು ರೈಲು ಅಂತ ವರ್ಷಗಟ್ಟಲೆ ಇವರ ಹಿಂದೆ ಅಲೆದೆಯಲ್ಲ, ಒಂದಾದ್ರೂ ಇರಲೇಬೇಕು. ಗುರುತಿನ ಚೀಟಿಯ ಫೋಟೋ ಇದೆಯಲ್ಲ, ದೊಡ್ಡದು ಮಾಡಿಕೊಡ್ತೀನಿ ಅಂದೆ, ಅದು ನನ್ನನ್ನ ಕಟ್ಕೊಂಡ ಹುಡುಗ ಕಣೋ, ನನ್ನ ಜೊತೆ ಬಾಳಿದೋನಲ್ಲ, ಮಗಳೇ ನೋಡಿ ಇದ್ಯಾರಮ್ಮ ಅಂದ್ಲು. ಎದೆ ಹಿಡಿದುಕೊಂಡು ಮನೆಯ ಮಂಚದ ಮೇಲೆ ಸತ್ತ, ರೈಲಿಗೂ ಅವನ ಸಾವಿಗೂ ಸಂಬಂಧವಿಲ್ಲ, ಹಾಗಾಗಿ ಪತ್ರಿಕೆಯವರೂ ಬರಲಿಲ್ಲ, ಉಬ್ಬಿದ ಕೆನ್ನೆ, ಕಣ್ಣು — ಬೇಡ, ಆ ಫೋಟೋ ಅಲ್ಲ, ಬೇರೆ ರೋಲು ನೋಡೋಣ. ನಾನು ತೆಗೆದದ್ದು ಈ ರೈಲು ಮಾರ್ಗದ ಪುಸ್ತಕಕ್ಕೆ, ಗುಡ್ಡ, ಸೇತುವೆ, ತಿರುವಿನಲ್ಲಿ ಹೊಗೆ ಬಿಡುವ ಎಂಜಿನ್, ಹಳಿ ರಿಪೇರಿಯ ಗ್ಯಾಂಗು, ಇವನು ಗ್ಯಾಂಗಿನ ಕಾವಲಿನವನು, ಉಳಿದವರು ಬಗ್ಗಿ ಹಳಿಯಡಿಯ ಸ್ಲೀಪರ್ ಎತ್ತುವಾಗ ಇವನು ಅವರಿಗೆ ಬೆನ್ನು ಮಾಡಿ ತಿರುವನ್ನೇ ನೋಡುತ್ತ ನಿಲ್ಲಬೇಕು, ರೈಲು ಕಂಡರೆ ಸೀಟಿ ಊದಬೇಕು. ಏ ಮದುಮಗನೇ, ಫೋಟೋದವನು ಬಂದಿದಾನೆ, ಒಂದ್ಸಲ ಮುಖ ತೋರ್ಸೋ, ಅಂತ ಮೇಸ್ತ್ರಿ ಕೂಗಿದರೆ ಬೆನ್ನೇ ಉತ್ತರ ಕೊಡುತ್ತಿತ್ತು, ನಾನು ಆ ಕಡೆ ನೋಡ್ತಿದ್ರೆ ತಾನೇ ನಿಮ್ಮ ಹೆಂಡ್ತೀರು ಸಂಜೆ ನಿಮ್ಮ ಮುಖ ನೋಡೋದು, ಮುಚ್ಕೊಂಡು ಕೆಲ್ಸ ಮಾಡ್ರೋ. ಗ್ಯಾಂಗೆಲ್ಲ ನಗುತ್ತಿತ್ತು. ಊಟದ ಹೊತ್ತಿಗೆ ಮರದಡಿ ಕೂರುತ್ತಿದ್ದ, ನಡುಮಧ್ಯಾಹ್ನದ ಬಿಸಿಲಲ್ಲಿ ಮುಖ ಚೆನ್ನಾಗಿ ಬರುವುದಿಲ್ಲ ಎಂದು ನಾನು ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದೆ, ನಿಜಕ್ಕೂ ಬರುವುದಿಲ್ಲ, ಕಣ್ಣ ಕೆಳಗೆ ನೆರಳು ಬೀಳುತ್ತದೆ, ಗುಡ್ಡ ಎಷ್ಟೆತ್ತರ ಎಂದು ತಿಳಿಯಲು ಮುಂದೊಬ್ಬ ಮನುಷ್ಯ ಬೇಕಿತ್ತು, ಅದಕ್ಕೆ ಇವನ ಬೆನ್ನು ಸಾಕಿತ್ತು. ಆಗಲೇ ಒಮ್ಮೆ ಹೊರಗೆ ಹೋಗಿ, ಒಣಗಿದ್ದ ಬೆನ್ನಿನ ಫೋಟೋ ಒಂದನ್ನು ಕೊಟ್ಟು ನೋಡಿದೆ, ಇವ್ರೇ, ಕುತ್ತಿಗೆ ನೋಡಿದ್ರೆ ಸಾಕು, ಅಂದಳು, ಸದ್ಯ ಬದುಕಿದೆ ಅಂದುಕೊಂಡೆ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ವಾಪಸ್ ಕೊಟ್ಟಳು, ಕೆಲ್ಸಕ್ಕೆ ಹೋಗೋವಾಗ ದಿನಾ ನೋಡಿದ ಬೆನ್ನೇ ಇದು, ಗೋಡೆ ಮೇಲೂ ಅದನ್ನೇ ಹಾಕ್ಲಾ, ಬೇಜಾರಾದಾಗ ಬೈಯೋಕಾದ್ರೂ ಒಂದು ಮುಖ ಬೇಡ್ವಾ.

ಒಂದಿದೆ. ಅವಳು ಕೇಳಿದಾಗಲೇ ನೆನಪಾಗಿತ್ತು, ಸೇತುವೆಯ ರೋಲಿನ ಕೊನೆ, ಓರೆಯಾಗಿ ಬಂದದ್ದು, ಪುಸ್ತಕಕ್ಕೆ ಬೇಡವೆಂದು ಬಿಟ್ಟದ್ದು. ಮುಖ ದೊಡ್ಡದಾಗಲೆಂದು ಎನ್‌ಲಾರ್ಜರನ್ನು ಅದರ ಕಂಬದ ತುದಿಗೆ ಏರಿಸುತ್ತೇನೆ, ಗುಡ್ಡ ಕಾಗದದಾಚೆ ಹೋಯಿತು, ಎಂಜಿನ್ ಹೋಯಿತು, ಅಂದು ಮೊದಲ ಸೀಟಿಗೇ ಗ್ಯಾಂಗು ಹಳಿ ಬಿಟ್ಟು ಇಳಿದಿತ್ತು, ಹಳಿಯ ನಡುವೆ ಉಳಿದದ್ದು ನಾನು, ಕಣ್ಣು ಕ್ಯಾಮೆರಾದಲ್ಲಿ, ಅವನು ತಿರುಗಿದ, ಕೊನೆಗೂ ತಿರುಗಿದನಲ್ಲ ಎಂದು ಒತ್ತಿದೆ, ಅವನ ಭುಜ ಬಂದು ಎದೆಗೆ ಬಡಿಯಿತು, ಜಲ್ಲಿ, ನನ್ನ ಮೊಣಕೈ ತುಂಬ ರಕ್ತ, ಕಿವಿಯ ಪಕ್ಕದಲ್ಲೇ ಬೋಗಿಗಳು, ಥೂ ನಿನ್ನ, ಸಾಯೋಕೆ ನನ್ನ ಡ್ಯೂಟಿನೇ ಬೇಕಿತ್ತಾ, ಎದ್ದು ಬಾವುಟ ಹೆಕ್ಕಿಕೊಂಡು ತನ್ನ ಜಾಗಕ್ಕೆ ಹೋಗಿ ಮತ್ತೆ ಬೆನ್ನು ಮಾಡಿ ನಿಂತ, ಇದನ್ನು ಅವನು ಮನೆಯಲ್ಲಿ ಹೇಳಿಲ್ಲ, ಹೇಳಿದ್ದರೆ ಅವಳು ನನ್ನನ್ನು ತಮ್ಮಾ ಅನ್ನುತ್ತಿದ್ದಳೇ, ಇದು ಗೋಡೆ ಮೇಲೆ ಬಂದರೆ ಮಗಳು ಕೇಳುತ್ತಾಳೆ, ಅಪ್ಪ ಯಾರನ್ನ ನೋಡಿ ಹಿಂಗೆ ಊದ್ತಿದಾನೆ. ಕಾಗದ ಟ್ರೇಗೆ ಬಿತ್ತು. ತಮ್ಮಾ. ಸಿಕ್ತು ಅಕ್ಕ. ಬೆಂಚು ಸದ್ದು ಮಾಡಿತು, ಎದ್ದು ಬಾಗಿಲ ಹತ್ತಿರ ಬಂದಿದ್ದಾಳೆ, ಮುಖಾನಾ, ಹೂಂ ಮುಖಾನೇ, ನಗ್ತಿದಾರಾ — ಕಣ್ಣು ಮೊದಲು ಬಂತು, ಹುಬ್ಬು, ತುಟಿಯ ನಡುವೆ ಸೀಟಿ, ಉಬ್ಬಿದ ಎರಡು ಕೆನ್ನೆ, ಎತ್ತಿ ಚಿತ್ರ ನಿಲ್ಲಿಸುವ ಫಿಕ್ಸರಿಗೆ ಹಾಕಬೇಕು, ತಡವಾದರೆ ಮುಖವೆಲ್ಲ ಕಪ್ಪಾಗುತ್ತದೆ, ಕೆನ್ನೆ ಬೂದಾಗುತ್ತಿದೆ, ನಗ್ತಿದಾರೇನೋ ಹೇಳೋ, ಎತ್ತಬೇಕು, ಕೈ ಟ್ರೇಯ ಅಂಚಿನಲ್ಲೇ ಇದೆ, ಉಬ್ಬಿದ ಕೆನ್ನೆ, ಸೀಟಿ, ಕಣ್ಣು ನನ್ನ ಮೇಲೆ, ಸೀಟಿ, ಕಣ್ಣು ನನ್ನ ಮೇಲೆ —