ಅವ್ವನ ಫೋನಿನ ಹಸಿರು

ನಮ್ಮ ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಬಣ್ಣ ಬರುತ್ತದೆ. ಹಸಿರು ಅಂದರೆ ಅಂಗಳಕ್ಕೆ ಹೋಗಬಹುದು. ಹಳದಿ ಅಂದರೆ ಹೊಸ್ತಿಲು ದಾಟುವ ಹಾಗಿಲ್ಲ. ಕೆಂಪು ಅಂದರೆ ಬಾಗಿಲು ಹಾಕಿ, ಟಿ.ವಿ.ಯ ಪ್ಲಗ್ಗು ಕಿತ್ತು, ನಡುಮನೆಯಲ್ಲಿ ಗೋಡೆಗೆ ತಾಗದ ಹಾಗೆ ಚಾಪೆ ಹಾಸಿ, ನಾವಿಬ್ಬರೂ ಮೊಣಕಾಲು ತಬ್ಬಿಕೊಂಡು ಕೂರಬೇಕು. ಜಗಳೂರಿನ ನಮ್ಮ ಕಡೆ ಮಳೆ ಬಂದರೆ ಬಂತು, ಬಿಟ್ಟರೆ ಬಿಟ್ಟಿತು, ಗುಡುಗು ಮಾತ್ರ ಹೇಳಿ ಕಳಿಸಿದ ಹಾಗೆ ಬರುತ್ತದೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಒಂದು ಸಲ, ಸೆಪ್ಟೆಂಬರ್‌ನಿಂದ ದೀಪಾವಳಿಯವರೆಗೆ ಇನ್ನೊಂದು ಸಲ. ಅಷ್ಟು ದಿನವೂ ಮಧ್ಯಾಹ್ನ ಊಟ ಆದ ಮೇಲೆ ನಾನು ಮನೆಯೊಳಗೆ. ನನಗೀಗ ಇಪ್ಪತ್ಮೂರು ವರ್ಷ.

ಸಿಡಿಲು ಎಷ್ಟು ದೂರದಲ್ಲಿದೆ ಎಂದು ಬಣ್ಣದಲ್ಲಿ ತೋರಿಸುವ ಆ ಆ್ಯಪನ್ನು ಅವಳ ಫೋನಿಗೆ ಹಾಕಿಕೊಟ್ಟವಳು ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ.

ಮೂರು ವರ್ಷದ ಹಿಂದೆ ನಮ್ಮಪ್ಪ ತಿಪ್ಪೇರುದ್ರಸ್ವಾಮಿ ಸಿಡಿಲು ಬಡಿದು ಸತ್ತ. ಅವತ್ತು ಹೊಲದ ಬೇವಿನ ಮರದ ಕೆಳಗೆ ಎತ್ತು ಕಟ್ಟಿತ್ತು. ಗುಡುಗು ಶುರುವಾದಾಗ ಅಪ್ಪ ಮನೆಯಲ್ಲೇ ಇದ್ದ, ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದ. ‘ದೂರ ಐತೆ, ಹೋಗಿ ಬಿಚ್ಚಿಕೊಂಡು ಬಾ’ ಎಂದವಳು ಅವ್ವ. ಅವನು ಹೋದ ಮೇಲೆ ಅವಳು, ಸಿಡಿಲು ಬಡಿಯದಿರಲಿ ಎಂದು ಎಲ್ಲರೂ ಹೇಳುವ ಹಾಗೆ, ಅರ್ಜುನನ ಹತ್ತು ಹೆಸರು ಹೇಳುತ್ತಾ ಒಲೆ ಮುಂದೆ ಕೂತಳು. ಐದನೆಯದೋ ಆರನೆಯದೋ ಹೆಸರಿಗೆ ಮನೆ ಅದುರಿತು. ಎತ್ತೂ ಉಳಿಯಲಿಲ್ಲ, ಅಪ್ಪನೂ ಉಳಿಯಲಿಲ್ಲ. ಅವತ್ತಿನಿಂದ ಅವ್ವ ಅರ್ಜುನನ ಹೆಸರು ಎತ್ತಿಲ್ಲ. ಎತ್ತಿಗಾಗಿ ಗಂಡನನ್ನು ಕಳಿಸಿದವಳು ನಾನು ಎಂದು ಒಂದೇ ಒಂದು ಸಲ ನನ್ನ ಮುಂದೆ ಹೇಳಿದ್ದಾಳೆ, ಅದೂ ಗೋಡೆಯ ಕಡೆ ತಿರುಗಿ.

ಗುಡುಗಿನ ದಿನಗಳಲ್ಲಿ ಅವಳು ಬೆಳಗಿನಿಂದಲೇ ನಡುಗುವುದನ್ನು ನೋಡಲಾರದೆ ಆ್ಯಪ್ ಹಾಕಿಕೊಟ್ಟೆ. ಹಸಿರಿದ್ದಾಗಲಾದರೂ ನಿರಾಳವಾಗಿರಲಿ ಅಂತ. ಅವಳು ಕೆಂಪನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಫೋನು ಕಿರುಚಿದ ಕೂಡಲೇ ಅಂಗಳದಲ್ಲಿದ್ದ ಚೊಂಬು ಅಲ್ಲೇ ಬಿಟ್ಟು ನನ್ನ ರಟ್ಟೆ ಹಿಡಿದು ಒಳಗೆ ಎಳೆಯುತ್ತಿದ್ದಳು. ಪಕ್ಕದ ಮನೆಯ ಅನ್ನಪೂರ್ಣಕ್ಕನೂ ಬಟ್ಟೆ ಒಣಹಾಕುವ ಮೊದಲು ಗೋಡೆಯಾಚೆಯಿಂದ ‘ಕಾಟಮ್ಮ, ಏನು ಬಣ್ಣ ಐತೆ?’ ಎಂದು ಕೇಳುವುದು ರೂಢಿಯಾಯಿತು.

ನನ್ನ ಕೆಲಸವೋ, ಆಕಾಶದ್ದೇ. ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಡ್ರೋನ್ ಹಾರಿಸುವ ತರಬೇತಿ ಇತ್ತು. ಬೆಳೆಗೆ ಔಷಧಿ ಹೊಡೆಯುವ ದೊಡ್ಡ ಡ್ರೋನು, ಆರು ರೆಕ್ಕೆ, ಹೊಟ್ಟೆಯಲ್ಲಿ ಹತ್ತು ಲೀಟರಿನ ಡಬ್ಬಿ. ಫೆಬ್ರವರಿಯಲ್ಲಿ ಗುಡುಗು ಇರುವುದಿಲ್ಲವಾದ್ದರಿಂದ ಅವ್ವ ಕಳಿಸಿದಳು. ಮೊದಲ ದಿನ ಅದನ್ನು ನೆಲದಿಂದ ಎಬ್ಬಿಸಿ ಗದ್ದೆಯ ಮೇಲೆ ನಿಲ್ಲಿಸಿದಾಗ, ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ಪರೀಕ್ಷೆ ಪಾಸಾಗಿ ಲೈಸೆನ್ಸೂ ಬಂತು. ಆಮೇಲೆ ಏಪ್ರಿಲ್ ಬಂತು, ಚಾಪೆಯೂ ಬಂತು. ಎರಡು ಕಡೆಯಿಂದ ಕೆಲಸಕ್ಕೆ ಕರೆದರು. ಒಂದು ಸಲ ಹಳದಿ ಅಂತ ಅವ್ವ ಜಗಳೂರು ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದು, ಹತ್ತಿದ್ದ ಬಸ್ಸಿನಿಂದ ನನ್ನನ್ನು ಇಳಿಸಿದಳು. ಇನ್ನೊಂದು ಸಲ ಹೊರಡಲೇ ಇಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಗೆಳತಿಯರು ಕೇಳುತ್ತಾರೆ. ಹೋಗಬಹುದಿತ್ತು. ಆದರೆ ಅವ್ವ ಬೈಯುವುದಿಲ್ಲ, ಅಳುವುದೂ ಇಲ್ಲ. ಚಪ್ಪಲಿ ಮೆಟ್ಟಿ ಹಿಂದೆ ಬರುತ್ತಾಳೆ. ನಾನು ಕೆಂಪಿನಲ್ಲಿ ಹೊರಟರೆ ಅವಳೂ ಕೆಂಪಿನಲ್ಲೇ ಬಯಲಿಗೆ ಬೀಳುತ್ತಾಳೆ. ಇನ್ನೇನು ಮಾಡುವುದು? ಇಂಥ ಪ್ರೀತಿಗೆ ಬೀಗ ಬೇಕಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಬಂದದ್ದಕ್ಕೆ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು.

ಈ ಸೆಪ್ಟೆಂಬರಿನಲ್ಲಿ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಿಂದ ಗುರುಬಸವರಾಜ್ ಎಂಬುವವರು ಫೋನ್ ಮಾಡಿದರು. ಅವರ ಹತ್ತಿರ ಎರಡು ಡ್ರೋನುಗಳಿದ್ದವು, ಹಾರಿಸುವವರು ಒಬ್ಬರೇ. ಇಪ್ಪತ್ತೆರಡನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ ಬಂದು ತಮ್ಮ ಭತ್ತದ ಗದ್ದೆಯಲ್ಲಿ ಹಾರಿಸಿ ತೋರಿಸಿದರೆ ಕೆಲಸ ಕೊಡುವುದಾಗಿಯೂ, ಅಲ್ಲೇ ತಮ್ಮ ಅತ್ತಿಗೆಯ ಮನೆಯಲ್ಲಿ ಉಳಿಯಬಹುದೆಂದೂ ಹೇಳಿದರು. ಇದನ್ನೂ ಬಿಟ್ಟರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಎರಡು ಗಂಟೆ, ಸೆಪ್ಟೆಂಬರ್. ಅವ್ವ ಬಿಡುವುದಿಲ್ಲವೆಂದೂ ಗೊತ್ತಿತ್ತು.

ಹನ್ನೊಂದು ದಿನ ಮೊದಲು ಆ ಕೆಲಸ ಮಾಡಿದೆ. ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ ಅವ್ವನ ಫೋನಿನಲ್ಲಿ ಆ್ಯಪ್ ತೆರೆದೆ. ನಮ್ಮ ಊರಿನ ಸುತ್ತ ದೊಡ್ಡ ಹಸಿರು ವೃತ್ತ. ಅದನ್ನು ಹಾಗೇ ಫೋಟೋ ತೆಗೆದು ಫೋನಿನ ಮೊದಲ ಪರದೆಗೆ ಹಾಕಿದೆ. ಆ್ಯಪ್ ತೆರೆಯುವ ಗುಂಡಿಯನ್ನು ಕಾಣದ ಹಾಗೆ ಒಳಗೆ ಸರಿಸಿದೆ, ಅದು ಕಿರುಚುವುದನ್ನೂ ನಿಲ್ಲಿಸಿದೆ. ಹೊಸದು ಬಂದಿದೆ, ಇನ್ನು ಏನೂ ಒತ್ತಬೇಕಾಗಿಲ್ಲ, ಫೋನು ತೆಗೆದರೆ ಸಾಕು ಬಣ್ಣ ಕಾಣುತ್ತದೆ ಎಂದು ಹೇಳಿಕೊಟ್ಟೆ. ಅವಳು ತೆಗೆದು ನೋಡಿದಳು, ಮುಚ್ಚಿ ಮತ್ತೆ ತೆಗೆದಳು. ಒಳ್ಳೇದಾತು, ಕೈ ನಡುಗಿದಾಗ ಒತ್ತಾಕೆ ಆಗ್ತಿರಲಿಲ್ಲ ಎಂದಳು. ಅವಳ ಮುಖ ನೋಡಲಾಗದೆ ನಾನು ಹಿತ್ತಲಿಗೆ ಹೋದೆ.

ಇಪ್ಪತ್ತೆರಡನೇ ತಾರೀಕಿನ ಸಂಜೆ ತೆಗೆದುಬಿಡುತ್ತೇನೆ, ಅಲ್ಲಿಯವರೆಗೆ ನನ್ನ ಫೋನು ನೋಡಿಕೊಂಡು ನಾನೇ ಏನಾದರೂ ನೆಪ ಹೇಳಿ ಅವಳನ್ನು ಒಳಗಿಟ್ಟುಕೊಳ್ಳುತ್ತೇನೆ ಎಂಬುದು ನನ್ನ ಲೆಕ್ಕ. ಅವ್ವ ಬದಲಾಗುತ್ತಾಳೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಎರಡನೇ ದಿನ ಅಂಗಳದಲ್ಲಿ ಕೂತು ತಲೆ ಬಾಚಿಕೊಂಡಳು. ನಾಲ್ಕನೇ ದಿನ ಮಧ್ಯಾಹ್ನದ ಹೊತ್ತಿನಲ್ಲಿ ಅನ್ನಪೂರ್ಣಕ್ಕನ ಜೊತೆ ಹೊಲಕ್ಕೆ ಹೋಗಿ ಮೆಕ್ಕೆಜೋಳದ ತೆನೆ ಮುರಿದು ಬಂದಳು. ಅಪ್ಪ ಹೋದ ಮೇಲೆ ಮಧ್ಯಾಹ್ನದಲ್ಲಿ ಅವಳು ಆ ಹೊಲ ತುಳಿದದ್ದು ಅದೇ ಮೊದಲು. ಬಂದವಳು ರೊಟ್ಟಿ ಬಡಿಯುತ್ತಾ ಏನೋ ಗುನುಗುತ್ತಿದ್ದಳು. ಅವತ್ತು ನನ್ನ ಫೋನಿನಲ್ಲಿ ಮೂರು ಗಂಟೆಯಿಂದ ನಾಲ್ಕೂವರೆವರೆಗೆ ಕೆಂಪಿತ್ತು. ಹೊಟ್ಟೆನೋವು ಎಂದು ಫೋನ್ ಮಾಡಿ ಕರೆದೆ. ಶುಂಠಿ ಕಷಾಯ ಕುಡಿ, ಇಲ್ಲಿ ಕೆಲಸ ಮುಗಿಸಿ ಬರ್ತೀನಿ ಅಂದಳು. ಹಸಿರು ನಂಬು ಎಂದು ನಾನು ಕಲಿಸಿದ ಬುದ್ಧಿ ಹೀಗೆ ನನಗೇ ತಿರುಗಿಬಿತ್ತು. ಆ ಒಂದೂವರೆ ಗಂಟೆ ನಾನು ಬಾಗಿಲಲ್ಲಿ ನಿಂತು, ಹೊಲದ ಕಡೆ ನೋಡುತ್ತಾ, ಅರ್ಜುನನ ಹತ್ತೂ ಹೆಸರು ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ.

ಆ ಸಂಜೆಯೇ ಹೇಳಬೇಕಿತ್ತು. ಆದರೆ ಅವಳು ಗುನುಗುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಗುನುಗುವವಳಿಗೆ, ನೀನು ಇವತ್ತು ಕೆಂಪಿನಲ್ಲಿ ನಿಂತಿದ್ದೆ ಎಂದು ಹೇಗೆ ಹೇಳುವುದು? ಹೇಳಿದರೆ ತ್ಯಾವಣಿಗೆಯೂ ಹೋಯಿತು. ಎರಡನ್ನೂ ಹೇಳುತ್ತಿದ್ದೇನೆ, ಯಾವುದು ದೊಡ್ಡ ಕಾರಣವೆಂದು ನನ್ನನ್ನು ಕೇಳಬೇಡಿ.

ಇಪ್ಪತ್ತೆರಡರಂದು ಬೆಳಿಗ್ಗೆ ಅವಳು ಫೋನು ತೆಗೆದು ನೋಡಿ, ಹಸಿರು ಐತೆ, ಹೋಗಿ ಬಾ ಎಂದು ತಾನಾಗಿಯೇ ಬುತ್ತಿ ಕಟ್ಟಿಕೊಟ್ಟಳು. ಇವತ್ತು ಹೊಲಕ್ಕೆ ಹೋಗಬೇಡ ಎಂದು ಎರಡು ಸಲ ಹೇಳಿದೆ. ಹೂಂ ಅಂದಳು.

ತ್ಯಾವಣಿಗೆಯಲ್ಲಿ ಬಿಸಿಲಿತ್ತು. ಗುರುಬಸವರಾಜ್ ಅರವತ್ತರ ಆಸುಪಾಸಿನ ಮಾತುಗಾರ. ಗದ್ದೆಯ ಬದುವಿನಲ್ಲಿ ಡ್ರೋನು ಜೋಡಿಸಿಟ್ಟಿದ್ದರು. ಹಾರಿಸುವ ಮೊದಲು ಗಾಳಿ, ಸಿಡಿಲು ಎರಡೂ ನೋಡಿ ಹೇಳಮ್ಮ, ನೋಡದೆ ಎಬ್ಬಿಸೋರು ನನಗೆ ಬೇಡ ಎಂದರು. ಆ್ಯಪ್ ತೆರೆದೆ. ತ್ಯಾವಣಿಗೆ ಹಸಿರು. ಬೆರಳಿನಿಂದ ನಕ್ಷೆಯನ್ನು ಮೇಲಕ್ಕೆ, ಜಗಳೂರಿನ ಕಡೆಗೆ ಸರಿಸಿದೆ. ನಮ್ಮ ಊರಿನ ಹೆಸರು ಕಾಣಿಸುತ್ತಿರಲಿಲ್ಲ, ಅದರ ಮೇಲೆಲ್ಲಾ ಕೆಂಪು ಚುಕ್ಕೆಗಳು ಕೂತಿದ್ದವು.

ಡ್ರೋನಿನ ಕಂಟ್ರೋಲನ್ನು ನೆಲದ ಮೇಲಿಟ್ಟು ಫೋನ್ ಮಾಡಿದೆ. ಐದಾರು ರಿಂಗಿಗೆ ಎತ್ತಿದಳು. ಗಾಳಿಯ ಸದ್ದು, ಒಣ ಗರಿಗಳ ಸದ್ದು.

"ಅವ್ವ, ಎಲ್ಲಿದೀಯ?"

"ಹೊಲದಾಗೆ. ಅನ್ನಪೂರ್ಣನೂ ಅದಾಳೆ. ಇನ್ನೆರಡು ಸಾಲು ಮುರಿದ್ರೆ ಮುಗೀತು."

"ಗುಡುಗ್ತೈತಾ?"

"ಗುಡುಗ್ತೈತೆ. ಫೋನು ಹಸಿರೇ ಐತೆ ಬಿಡು. ದೂರ ಐತೆ."

ದೂರ ಐತೆ. ಅಪ್ಪನಿಗೆ ಹೇಳಿದ್ದೂ ಇದೇ ಎರಡು ಮಾತು. ಅವತ್ತು ಅವಳು ತಾನೇ ಅಂದಾಜು ಮಾಡಿ ಹೇಳಿದ್ದಳು, ಇವತ್ತು ಅವಳ ಬಾಯಿಗೆ ಅದನ್ನು ಇಟ್ಟವಳು ನಾನು.

"ಅವ್ವ, ಅದು ನಿಜವಾದ ಹಸಿರಲ್ಲ. ಬರೀ ಫೋಟೋ. ನಿನ್ನ ಸುಮ್ಮನಿರಸಾಕೆ ನಾನೇ ಹಾಕಿದ್ದು. ಅಲ್ಲಿ ಕೆಂಪೈತೆ. ಇಬ್ಬರೂ ಮನಿಗೆ ಓಡ್ರಿ, ಮರದ ಹತ್ರ ಹೋಗಬ್ಯಾಡ್ರಿ."

"ಯಾವತ್ತಿಂದ?" ಎಂದು ಕೇಳಿದಳು.

"ಹನ್ನೊಂದು ದಿನ ಆತು."

ಕರೆ ಕಡಿಯಿತು. ಅವಳೇ ಕಡಿದಳೋ, ಟವರೇ ಹೋಯಿತೋ. ಮತ್ತೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು.

ಗುರುಬಸವರಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಏನೂ ಕೇಳದೆ ಬೈಕಿಗೆ ಹತ್ತಿಸಿಕೊಂಡು ಬಸ್ಸಿಗೆ ಬಿಟ್ಟರು. ಗುರುವಾರ ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇನೆ, ಆಮೇಲೆ ಹೊನ್ನಾಳಿಯ ಒಬ್ಬ ಹುಡುಗಿ ಇದ್ದಾಳೆ, ಅವಳನ್ನು ಕರೆಯುತ್ತೇನೆ ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಸಮಾಧಾನ ಹೇಳಲಿಲ್ಲ.

ತ್ಯಾವಣಿಗೆಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಮೂರು ಗಂಟೆ ಕಾಲ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದೆ. ಮುಂದಿನ ಸೀಟಿನವರು ಜೋರಾಗಿ ಫೋನಿನಲ್ಲಿ ಉಪಗ್ರಹ ಹಾರಿಸಿದ ಸುದ್ದಿ ನೋಡುತ್ತಿದ್ದರು, ಅದು ಇಷ್ಟು ನಿಮಿಷಕ್ಕೆ ಇಷ್ಟು ಸಾವಿರ ಕಿಲೋಮೀಟರ್ ದಾಟಿತಂತೆ. ನನಗೆ ಎಂಬತ್ತು ಕಿಲೋಮೀಟರ್ ಆಚೆಯ ಒಂದು ಹೊಲದಲ್ಲಿ ಅವ್ವ ನಿಂತಿದ್ದಾಳೋ ಬಿದ್ದಿದ್ದಾಳೋ ಎಂದು ತಿಳಿಯುವ ದಾರಿ ಇರಲಿಲ್ಲ. ನಲವತ್ತು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಆ ರೆಕಾರ್ಡಿನ ಹೆಂಗಸು ಅದೇ ದನಿಯಲ್ಲಿ ಅದನ್ನೇ ಹೇಳಿದಳು. ಇಳಿದು ಓಡಿದರೆ ತಡ, ಕೂತರೆ ಜೀವ ನಿಲ್ಲದು. ಚಾಪೆಯ ಮೇಲೆ ಅವ್ವ ಕೂರುತ್ತಿದ್ದದ್ದು ಹೀಗೇ ಎಂದು ಅವತ್ತು ನನಗೆ ತಿಳಿಯಿತು.

ಆರು ಗಂಟೆಗೆ ಊರು ಮುಟ್ಟಿದೆ. ಮಳೆ ನಿಂತಿತ್ತು. ಅನ್ನಪೂರ್ಣಕ್ಕ ತನ್ನ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ, ಇದಾಳೆ ಹೋಗು ಎಂದಷ್ಟೇ ಹೇಳಿ ಒಳಗೆ ಹೋದಳು. ಸಿಡಿಲು ನಮ್ಮ ಹೊಲದಲ್ಲಿ ಬಿದ್ದಿರಲಿಲ್ಲ, ಎಲ್ಲೋ ಆಚೆ ಊರಿನ ಗೋಮಾಳದಲ್ಲಿ ಬಿತ್ತಂತೆ.

ಅವ್ವ ಚಾಪೆಯ ಮೇಲೆ ಕೂತಿದ್ದಳು. ಓಡುವಾಗ ಚಪ್ಪಲಿ ಕಳಚಿಹೋಗಿ, ಜೋಳದ ಕೂಳೆ ಚುಚ್ಚಿ, ಎರಡೂ ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಫೋನು ಮುಂದೆ ಬಿದ್ದಿತ್ತು. ನಾನು ಕಾಲು ಹಿಡಿದುಕೊಂಡು ಅತ್ತೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಕೇಳಿದ್ದು ಒಂದೇ.

"ಆ ಹನ್ನೊಂದು ದಿನದಾಗೆ ಕೆಂಪು ಎಷ್ಟು ದಿನ ಇತ್ತು?"

ಸುಳ್ಳು ಹೇಳುವ ಶಕ್ತಿ ಮುಗಿದಿತ್ತು. ನಾಲ್ಕು ಎಂದೆ. ಅವಳು ಬೆರಳು ಮಡಚುತ್ತಾ ಹೋದಳು. ತಲೆ ಬಾಚಿಕೊಂಡದ್ದು, ಹೊಲಕ್ಕೆ ಹೋದದ್ದು, ಬೇವಿನ ಮರದ ಬುಡದಲ್ಲಿ ಕೂತು ಬುತ್ತಿ ಉಂಡದ್ದು. ಮರದ ಬುಡದಲ್ಲಿ ಕೂತದ್ದು ನನಗೆ ಗೊತ್ತೇ ಇರಲಿಲ್ಲ. ನಿಮ್ಮಪ್ಪನ ಜೊತೆ ಕೂತಂಗೆ ಇತ್ತು ಎಂದಳು. ಆಮೇಲೆ ಬೆರಳು ಬಿಚ್ಚಿದಳು.

ಆ ಸಂಜೆಯೇ ಫೋಟೋ ತೆಗೆದು ನಿಜವಾದ ಆ್ಯಪನ್ನು ಅವಳ ಫೋನಿನಲ್ಲಿ ಮುಂದಕ್ಕೆ ತಂದಿಟ್ಟೆ. ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ.

ಗುರುವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಸಿದ್ಧವಾಗಿ ಚೀಲ ಹಿಡಿದು ನಿಂತೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಆ್ಯಪ್ ತೆರೆದು ಅವಳ ಮುಂದೆ ಹಿಡಿದೆ. ಹಸಿರು. ನಿಜವಾದ ಹಸಿರು. ಹೋಗಿ ಬರಲಾ ಎಂದು ಕೇಳಿದೆ.

ಅವ್ವ ಫೋನು ತೆಗೆದುಕೊಂಡು ಹೆಬ್ಬೆರಳಿನಿಂದ ಹಸಿರಿನ ಮೇಲೆ ಒತ್ತಿದಳು. ತಿಕ್ಕಿದಳು. ವೃತ್ತ ಸ್ವಲ್ಪ ಸರಿಯಿತು, ಬಿಟ್ಟಾಗ ಅಲ್ಲೇ ನಿಂತಿತು. ಬಾಗಿಲಿಗೆ ಕುಂಟುತ್ತಾ ಹೋಗಿ ಆಕಾಶ ನೋಡಿದಳು. ಅದನ್ನೂ ಸ್ವಲ್ಪ ಹೊತ್ತು ನೋಡಿದಳು.

"ಇದೂ ಫೋಟೋನೇ ಇರಬೌದು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೊರಟುಬಿಡುತ್ತಿದ್ದೆ.

ಬಾಗಿಲು ಹಾಕಿ ಅಗುಳಿ ಸರಿಸಿದಳು. ಟಿ.ವಿ.ಯ ಪ್ಲಗ್ಗು ಕಿತ್ತಳು. ಚಾಪೆ ಹಾಸಿ, ಒಂದು ಕಡೆ ಸರಿದು ನನಗೆ ಜಾಗ ಬಿಟ್ಟು ಕೂತಳು. ರಸ್ತೆಯಲ್ಲಿ ಬಸ್ಸು ಎರಡು ಸಲ ಹಾರನ್ ಹೊಡೆದು ಹೋಯಿತು. ನಾನು ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ಅವಳ ಪಕ್ಕದಲ್ಲಿ ಕೂತೆ. ಬಾಗಿಲಿನ ಸಂದಿಯಿಂದ ಎಳೆ ಬಿಸಿಲು ಬಂದು ಚಾಪೆಯ ಅಂಚಿನಲ್ಲಿ ಬಿದ್ದಿತ್ತು. ಅವ್ವ ಬಟ್ಟೆ ಸುತ್ತಿದ ಕಾಲನ್ನು ಅದರಿಂದ ಈಚೆಗೆ ಎಳೆದುಕೊಂಡಳು.