ಮಲ್ಕಣ್ಣನ ಕೈಗೆ ಒಗ್ಗಿದ ಮೋಟಾರು

ನಾನು ಒಂದು ಮೋಟಾರು. ಹಾಗೆಂದ ಕೂಡಲೇ ನಿಮ್ಮ ಮನೆಯ ಸಂಪಿನ ಪಕ್ಕ ಕೂತು ಗುಂಯ್‌ಗುಡುವ ಪುಟಾಣಿಯನ್ನು ನೆನೆಸಿಕೊಳ್ಳಬೇಡಿ, ನನಗೆ ಸಿಟ್ಟು ಬರುತ್ತದೆ. ನನ್ನ ತೂಕ ನಾಲ್ಕು ಟನ್ನು. ಎತ್ತಲು ಕ್ರೇನು ಬೇಕು, ಕೂರಿಸಲು ಕಾಂಕ್ರೀಟಿನ ಕಟ್ಟೆ ಬೇಕು. ಈಗ ಗುಜರಿ ಅಂಗಳದಲ್ಲಿ ಜಾಲಿಗಿಡದ ಬುಡಕ್ಕೆ ಬಿದ್ದಿದ್ದೇನೆಂದು ನನ್ನನ್ನು ಹಗುರವಾಗಿ ಕಾಣಬೇಡಿ.

ನಾನು ಹುಟ್ಟಿದ್ದು ದೂರದ ಶಹರವೊಂದರ ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಯೊಳಗೆ ತಾಮ್ರದ ಸುರುಳಿಗಳನ್ನು ಒಂದೊಂದಾಗಿ ಕೂರಿಸಿದವರು ಹೆಂಗಸರು. ಅವರಲ್ಲೊಬ್ಬಳಿಗೆ ನೆಗಡಿಯಾಗಿತ್ತು. ಸೀನು ಬಂದಾಗಲೆಲ್ಲ ಮುಖವನ್ನು ಆಚೆ ತಿರುಗಿಸುತ್ತಿದ್ದಳು, ನನಗೆ ತೇವ ತಗಲಬಾರದು ಎಂದು. ಆಮೇಲೆ ನನ್ನನ್ನು ವಾರ್ನಿಷಿನಲ್ಲಿ ಮುಳುಗಿಸಿ, ಒಲೆಯಲ್ಲಿಟ್ಟು ಕಾಯಿಸಿ, ನೀಲಿ ಬಣ್ಣ ಬಳಿದು ಗೂಡ್ಸ್ ಗಾಡಿ ಹತ್ತಿಸಿದರು. ನಾಲ್ಕು ದಿನ ಕುಲುಕಿಸಿಕೊಂಡು ಬಂದು ಕಲಬುರಗಿ ಸೀಮೆಯಲ್ಲಿ, ಕಾಗಿಣಾ ಹೊಳೆಯಿಂದ ಒಂದು ಹರದಾರಿ ಆಚೆಯ ಸಿಮೆಂಟ್ ಕಾರ್ಖಾನೆಯಲ್ಲಿ ಇಳಿದೆ. ಅಲ್ಲಿ ನೆಲ ಅಗೆದರೂ ಕಲ್ಲು, ಮನೆ ಕಟ್ಟಿದರೂ ಕಲ್ಲು, ಊಟಕ್ಕೆ ಕೂರುವುದೂ ಕಲ್ಲಿನ ಮೇಲೆ. ಆ ಕಲ್ಲನ್ನೇ ಪುಡಿ ಮಾಡಿ ಸುಟ್ಟು ಸಿಮೆಂಟ್ ಮಾಡುತ್ತಿದ್ದರು.

ಸುಡುವ ಕುಲುಮೆಗೆ ಕಿಲ್ನ್ ಎಂದು ಹೆಸರು. ಅದು ಅರವತ್ತು ಮೀಟರ್ ಉದ್ದದ ಕಬ್ಬಿಣದ ಕೊಳವೆ, ಒಳಗೆ ಎರಡೆತ್ತು ಪಕ್ಕಪಕ್ಕ ನಡೆದು ಹೋಗುವಷ್ಟು ಅಗಲ. ಒಂದು ತುದಿಯಲ್ಲಿ ಬೆಂಕಿ, ಇನ್ನೊಂದು ತುದಿಯಿಂದ ಕಲ್ಲುಪುಡಿ. ಆ ಕೊಳವೆ ಹಗಲೂ ರಾತ್ರಿ ಉರುಳುತ್ತಲೇ ಇರಬೇಕು. ಕಾದ ಕೊಳವೆ ನಿಂತಿತೋ, ತನ್ನ ಭಾರಕ್ಕೆ ತಾನೇ ಬೆನ್ನು ಬಾಗಿ ಕೂರುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಅದನ್ನು ಉರುಳಿಸುವುದೇ ನನ್ನ ಕೆಲಸ. ಕಾರ್ಖಾನೆಯಲ್ಲಿ ಮುನ್ನೂರು ಮೋಟಾರುಗಳಿದ್ದವು. ಅವುಗಳಲ್ಲಿ ಯಾವುದು ಕೆಟ್ಟರೂ ಫೋರ್‌ಮನ್ ನಡೆದುಕೊಂಡು ಬರುತ್ತಿದ್ದ. ನಾನು ಕೆಮ್ಮಿದರೆ ಓಡಿ ಬರುತ್ತಿದ್ದ. ಇದನ್ನು ಹೇಳಿಕೊಳ್ಳಬಾರದು, ಆದರೂ ಹೇಳಿಕೊಂಡೆ.

ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ ದಿನವೇ ಮಲ್ಕಣ್ಣ ಬಂದ. ಕಲ್ಲುಗಣಿಯಲ್ಲಿ ಫರಸಿ ಚಪ್ಪಡಿ ಎಬ್ಬಿಸುತ್ತಿದ್ದವನ ಮಗ, ಐಟಿಐ ಓದಿ ಎಲೆಕ್ಟ್ರೀಷಿಯನ್ ಆಗಿದ್ದ. ವಯಸ್ಸು ಇಪ್ಪತ್ತೆಂಟು, ಅಂಗೈ ಮಾತ್ರ ಅಪ್ಪನದು, ಅಗಲ ಮತ್ತು ಒರಟು. ಬಂದವನೇ ನನ್ನ ಬೆನ್ನ ಮೇಲೆ ಆ ಅಂಗೈ ಇಟ್ಟು ಸುಮ್ಮನೆ ನಿಂತ. ಮೀಟರು ತಂದಿದ್ದ, ಆದರೆ ಮೊದಲು ಇಟ್ಟದ್ದು ಕೈ. ನನಗೆ ಅವನು ಅಲ್ಲೇ ಹಿಡಿಸಿದ.

ನನ್ನ ಗುಟ್ಟೊಂದನ್ನು ನಿಮಗೆ ಹೇಳಬೇಕು. ನಾನು ಡಿಸಿ ಮೋಟಾರು. ನನ್ನೊಳಗೆ ತಾಮ್ರದ ಒಂದು ಉರುಳೆಯಿದೆ. ಅದರ ಮೇಲೆ ಇದ್ದಿಲಿನಂಥ ಕಾರ್ಬನ್ ತುಂಡುಗಳು ಜಾರುತ್ತ ಕರೆಂಟು ಕೊಡುತ್ತವೆ. ಕಾರ್ಬನ್ ತುಂಡಿಗೆ ಬ್ರಷ್ ಎನ್ನುತ್ತಾರೆ. ತಿಂಗಳುಗಟ್ಟಲೆ ತಿರುಗಿದ ಮೇಲೆ ತಾಮ್ರದ ಮೇಲೆ ಚಹಾದ ಡಿಕಾಕ್ಷನ್ ಬಣ್ಣದ ಒಂದು ತೆಳು ಪೊರೆ ಕೂರುತ್ತದೆ. ನೋಡಿದವರಿಗೆ ಅದು ಕೊಳೆ. ನನಗೆ ಅದೇ ಚರ್ಮ. ಅದಿದ್ದರೆ ಬ್ರಷ್ಷುಗಳು ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತವೆ, ಇಲ್ಲದಿದ್ದರೆ ಕಿಡಿ ಹಾರುತ್ತದೆ. ಮಲ್ಕಣ್ಣ ವಾರಕ್ಕೊಮ್ಮೆ ನನ್ನ ಕಿಟಕಿ ತೆಗೆದು, ಬ್ಯಾಟರಿ ಬಿಟ್ಟು ಆ ಬಣ್ಣ ನೋಡುತ್ತಿದ್ದ. “ಭಾಳ ಛಂದ ಬಂದದ” ಎಂದು ಹೇಳಿ ಕಿಟಕಿ ಮುಚ್ಚುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಸಾವಿರ ಸಲ ಕೇಳಿರಬೇಕು. ಒಮ್ಮೆಯೂ ಬೇಸರ ಬರಲಿಲ್ಲ.

ಇಪ್ಪತ್ತು ವರ್ಷ ಆ ಗದ್ದಲದಲ್ಲಿ ನಿಂತವನ ಕಿವಿ ಏನಾದೀತು? ಮೊದಲು ಅವನು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಬೇರಿಂಗಿಗೆ ಒತ್ತಿ, ಹಿಡಿಕೆಗೆ ಕಿವಿಯಿಟ್ಟು ಕೇಳುತ್ತಿದ್ದ. ಬರಬರುತ್ತ ಹಿಡಿಕೆಯನ್ನು ಕಿವಿಯಿಂದ ಹಲ್ಲಿಗೆ ತಂದ. ಹಲ್ಲಿನಲ್ಲಿ ಕಚ್ಚಿಕೊಂಡರೆ ನನ್ನ ನಡುಕ ತಲೆಯೊಳಗೇ ಹೋಗುತ್ತಿತ್ತು. ಕೊನೆಗೆ ಸ್ಕ್ರೂಡ್ರೈವರನ್ನೇ ಬಿಟ್ಟ, ಬರೀ ಅಂಗೈ ಉಳಿಯಿತು. ಅವನ ಕಿವಿ ಹೋಗುತ್ತಿರುವುದು ಆ ಕಾರ್ಖಾನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಹೇಳುವುದಾದರೂ ಯಾರಿಗೆ?

ವರ್ಷಕ್ಕೊಮ್ಮೆ ಕಾರ್ಖಾನೆಯ ಡಾಕ್ಟರು ಕಿವಿ ಪರೀಕ್ಷೆ ಮಾಡುತ್ತಿದ್ದರು. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮಲ್ಕಣ್ಣ ಡಾಕ್ಟರ ಬೆರಳನ್ನೇ ನೋಡುತ್ತ ಕೂತು, ಅವರು ಒತ್ತಿದಾಗ ತಾನೂ ಒತ್ತಿ ಎರಡು ವರ್ಷ ಪಾಸಾದ. ಇದನ್ನು ನನ್ನ ಮುಂದೆ ಒಬ್ಬನೇ ಹೇಳಿಕೊಂಡು ನಕ್ಕಿದ್ದ. ಮೂರನೆಯ ವರ್ಷ ಹೊಸ ಡಾಕ್ಟರು ಬಂದರು, ಅವರು ಅವನ ಬೆನ್ನ ಹಿಂದೆ ಕೂತರು.

ತಿರುಗುವ ಯಂತ್ರದ ಬಳಿ ಸೈರನ್ ಕೇಳದವನು ಇರಕೂಡದು ಎಂಬುದು ನಿಯಮ. ತಪ್ಪು ನಿಯಮವೆಂದು ನಾನು ಹೇಳಲಾರೆ. ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು, ಹರಿದ ಚೀಲ ಆರಿಸಿ ಪಕ್ಕಕ್ಕಿಡುವ ಕೆಲಸ. ಸಂಬಳ ಅಷ್ಟೇ, ಗೌರವವೂ ಅಷ್ಟೇ ಎಂದರು. ಅವನು ಮಾತ್ರ ಅಷ್ಟೇ ಉಳಿಯಲಿಲ್ಲ. ದಿನವೂ ಊಟದ ಹೊತ್ತಿಗೆ ಕಿಲ್ನ್ ಹೊತ್ತ ಕಾಂಕ್ರೀಟ್ ಕಂಬದ ಬಳಿ ಬರುತ್ತಿದ್ದ. ಮೆಟ್ಟಿಲು ಹತ್ತುವಂತಿಲ್ಲ. ಕಂಬಕ್ಕೆ ಅಂಗೈ ಇಟ್ಟು ನಿಲ್ಲುತ್ತಿದ್ದ. ನಾನು ಮೂವತ್ತು ಅಡಿ ಮೇಲೆ. ನನ್ನ ನಡುಕ ಕಟ್ಟೆಯಿಂದ ಕಂಬಕ್ಕೆ, ಕಂಬದಿಂದ ಅವನ ಕೈಗೆ ಇಳಿಯುತ್ತಿತ್ತು. ಅವನು ಬುತ್ತಿ ಬಿಚ್ಚುವುದನ್ನೂ ಮರೆತು ನಿಂತಿರುವುದನ್ನು ನೋಡಿ ನನ್ನ ಕರುಳು ಚುರ್ರೆನ್ನುತ್ತಿತ್ತು. ಮೋಟಾರಿಗೆ ಎಂಥ ಕರುಳು ಎನ್ನಬೇಡಿ, ಸುರುಳಿ ಇದೆಯಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಆ ವರ್ಷ ಕಿಲ್ನ್ ಆರಿಸಿ ಅದರ ಒಳಗೋಡೆಯ ಇಟ್ಟಿಗೆ ಬದಲಿಸಲು ನನ್ನನ್ನು ನಿಲ್ಲಿಸಿದ ಹೊತ್ತಿಗೇ ದಸರೆ ಬಂತು. ಆಯುಧಪೂಜೆಗೆ ಆ ಸೀಮೆಯಲ್ಲಿ ಖಂಡೇಪೂಜೆ ಎನ್ನುತ್ತಾರೆ. ಅವತ್ತು ಯಂತ್ರಗಳನ್ನೆಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಮಲ್ಕಣ್ಣನ ಜಾಗಕ್ಕೆ ಬಂದಿದ್ದ ಗುರುಪಾದಯ್ಯ ಕೆಟ್ಟವನಲ್ಲ, ಬಹಳ ಶ್ರದ್ಧೆಯವನು. ಅದೇ ಕಷ್ಟವಾಯಿತು. ಪೂಜೆಯ ಮುನ್ನಾ ದಿನ ನನ್ನ ಕಿಟಕಿ ತೆಗೆದು ನೋಡಿದ.

“ಅಯ್ಯೋ, ಎಷ್ಟು ಹೊಲಸು ಹತ್ಯಾದ್ರೀ ಇದಕ! ದೇವಿ ಕೂಡ್ತಾಳಂದ್ರ ಹಿಂಗ ಇಡ್ತಾರೇನು?” ಎಂದ.

ಎಂದವನೇ ಉಜ್ಜು ಕಾಗದ ಹಿಡಿದು ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಉಜ್ಜಿದ. ಇಪ್ಪತ್ತೆರಡು ವರ್ಷದ ಆ ಕಂದು ಬಣ್ಣವನ್ನೆಲ್ಲ ಕಿತ್ತು, ತಾಮ್ರ ಮದುಮಗಳ ಬಳೆಯ ಹಾಗೆ ಹೊಳೆಯುವಂತೆ ಮಾಡಿದ. ನಾನು ಒಳಗೊಳಗೇ ಚೀರುತ್ತಿದ್ದೆ. ಮರುದಿನ ನನಗೆ ಎಲ್ಲರಿಗಿಂತ ದೊಡ್ಡ ಹಾರ ಬಂತು. ಗುರುಪಾದಯ್ಯ ಕರ್ಪೂರ ಬೆಳಗಿ ಕಣ್ಣು ಮುಚ್ಚಿ ಕೈ ಮುಗಿದ.

ಕಿಲ್ನ್ ಮತ್ತೆ ಕಾದು ಐದನೆಯ ದಿನ, ನಡುಹಗಲು, ನನ್ನೊಳಗೆ ಕಿಡಿಗಳು ಎದ್ದವು. ಬೋಳು ತಾಮ್ರದ ಮೇಲೆ ಬ್ರಷ್ಷುಗಳು ಕುಣಿದು, ಸವೆದು, ಪುಡಿಯಾಗಿ, ಢಮ್ಮೆಂದು ಬೆಂಕಿ ಸುತ್ತಿಕೊಂಡಿತು. ನಾನು ನಿಂತೆ. ಹುಟ್ಟಿದ ಮೇಲೆ ಹೊರೆ ಹೊತ್ತಿರುವಾಗ ನಿಂತದ್ದು ಅದೇ ಮೊದಲು. ಕಾದ ಕೊಳವೆ ಬಾಗದಿರಲೆಂದು ಡೀಸೆಲ್ ಎಂಜಿನ್ ಹಚ್ಚಿ ಆಮೆಯ ನಡಿಗೆಯಲ್ಲಿ ಉರುಳಿಸತೊಡಗಿದರು. ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥೆ ಅರುಂಧತಿ ಮೇಡಂ, ರಾಯಚೂರು ಕಡೆಯವರು, ಒಮ್ಮೆ ನನ್ನೊಳಗೆ ಇಣುಕಿ ನೋಡಿದವರೇ ಒಂದೇ ಮಾತು ಹೇಳಿದರು: “ಪ್ಯಾಕಿಂಗಿಂದ ಮಲ್ಕಣ್ಣನ್ನ ಕರೀರಿ.”

ಮಲ್ಕಣ್ಣ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಮೈಯೆಲ್ಲ ಸಿಮೆಂಟಿನ ಬೂದಿ. ಕಿಟಕಿಯೊಳಗೆ ಬ್ಯಾಟರಿ ಬಿಟ್ಟು ನೋಡಿದ.

“ಇದರ ಚರ್ಮ ಯಾರ್ ಸುಲ್ದೀರಿ?” ಎಂದು ಕೂಗಿದ. ಕಿವಿ ಕೇಳದವನಾದ್ದರಿಂದ ತಾನು ಎಷ್ಟು ಜೋರಾಗಿ ಕೂಗಿದೆನೆಂದು ಅವನಿಗೆ ತಿಳಿಯಲಿಲ್ಲ. ಗುರುಪಾದಯ್ಯ ತಲೆ ತಗ್ಗಿಸಿ, “ಪೂಜಿಗಂತ ಹಸನ ಮಾಡೀನಿ” ಎಂದ. ಅದು ಮಲ್ಕಣ್ಣನಿಗೆ ಕೇಳಲಿಲ್ಲ, ಒಳ್ಳೆಯದೇ ಆಯಿತು.

ಆಮೇಲಿನ ಮೂರು ವಾರ ನನ್ನ ಬಾಳಿನ ಸುಖದ ದಿನಗಳು. ಮಲ್ಕಣ್ಣ ಸುಟ್ಟ ಕಲೆಗಳನ್ನು ನಯವಾಗಿ ತೆಗೆದ, ಹೊಸ ಬ್ರಷ್ಷುಗಳನ್ನು ಉರುಳೆಯ ದುಂಡಿಗೆ ಸರಿಯಾಗಿ ಹೊಂದುವಂತೆ ಒಂದೊಂದನ್ನೂ ತೀಡಿದ. ನನ್ನನ್ನು ಹಗುರ ಹೊರೆಯಲ್ಲಿ ನಡೆಸುತ್ತ ಪಕ್ಕದಲ್ಲೇ ಕೂತ. ನಿಯಮ ಮುರಿಯಬಾರದಲ್ಲ, ಮೇಡಂ ಅವನ ಪಕ್ಕ ಕೆಂಪು ಬಾವುಟ ಹಿಡಿದ ಕಾವಲುಗಾರನೊಬ್ಬನನ್ನು ನಿಲ್ಲಿಸಿದ್ದರು, ಸೈರನ್ ಆದರೆ ಬೀಸಿ ತೋರಿಸಲು. ಕಾವಲುಗಾರ ಆಕಳಿಸುತ್ತಿದ್ದ. ಮಲ್ಕಣ್ಣ ನನ್ನ ಮೇಲೆ ಕೈಯಿಟ್ಟು ಕೂತಿರುತ್ತಿದ್ದ. ಮೂರನೆಯ ವಾರ ಚರ್ಮ ತೆಳುವಾಗಿ ಮರಳಿತು. “ಬರ್ಲಿಕತ್ತದ, ಬರ್ಲಿಕತ್ತದ” ಎಂದು ಅವನು ಕಾವಲುಗಾರನ ಭುಜ ಹಿಡಿದು ಅಲುಗಿಸಿದ.

ಆದರೆ ಆಫೀಸಿನಲ್ಲಿ ಬೇರೆ ಮಾತು ನಡೆದಿತ್ತು. ನನ್ನನ್ನು ಉಳಿಸಿಕೊಳ್ಳುವುದೋ, ಹೊಸ ಎಸಿ ಡ್ರೈವಿನ ಮೋಟಾರು ತರುವುದೋ? ಅದರಲ್ಲಿ ಬ್ರಷ್ಷೂ ಇಲ್ಲ, ಚರ್ಮವೂ ಇಲ್ಲ. ವೇಗ, ಬಿಸಿ, ನಡುಕ ಎಲ್ಲವೂ ಕಂಟ್ರೋಲ್ ರೂಮಿನ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತವೆ. ಅರುಂಧತಿ ಮೇಡಂ ಒಂದು ಮಧ್ಯಾಹ್ನ ನನ್ನ ಬಳಿಗೇ ಬಂದು, ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಲ್ಕಣ್ಣನಿಗೆ ತೋರಿಸಿದರು. ಅವನು ಒಂದೊಂದೇ ಪದವನ್ನು ಬಾಯಿಬಿಟ್ಟು ಓದಿದ್ದರಿಂದ ನನಗೂ ತಿಳಿಯಿತು.

“ಹೊಸದು ಬಂದರೆ ಕಂಟ್ರೋಲ್ ರೂಮಿನಲ್ಲಿ ಕಿಲ್ನ್ ಬಲ್ಲವನೊಬ್ಬ ಬೇಕು. ಅಲ್ಲಿ ಎಚ್ಚರಿಕೆಯೆಲ್ಲ ದೀಪದಲ್ಲಿ ಬರುತ್ತದೆ. ಕಿವಿ ಬೇಕಿಲ್ಲ. ಆ ಜಾಗ ನಿನಗೆ ಕೊಡಬಲ್ಲೆ. ಹಳೆಯದೇ ಉಳಿದರೆ ನೀನು ಪ್ಯಾಕಿಂಗಿಗೆ ವಾಪಸ್ ಹೋಗಬೇಕು, ನನ್ನ ಕೈಯಲ್ಲಿಲ್ಲ. ಅದಿರಲಿ, ನಿಜ ಹೇಳು. ಈ ಮೋಟಾರು ಇನ್ನೆಷ್ಟು ವರ್ಷ ಬಾಳುತ್ತದೆ? ನೀನು ಹೇಳಿದ್ದನ್ನೇ ಬರೆಯುತ್ತೇನೆ.”

ಮೇಡಂ ಆಸೆ ತೋರಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಮಲ್ಕಣ್ಣನ ಅಂಗೈ ಆಗ ನನ್ನ ಬೆನ್ನ ಮೇಲಿತ್ತು. ಬೇರಿಂಗು ತಂಪಾಗಿತ್ತು, ಸುರುಳಿಗಳು ಗಟ್ಟಿಯಾಗಿದ್ದವು, ಚರ್ಮ ಮರಳುತ್ತಿತ್ತು. ಹತ್ತು ವರ್ಷ ಬರುತ್ತಿದ್ದೆ, ಹೆಚ್ಚೇ ಬರುತ್ತಿದ್ದೆ. ಆ ಕೈಗೆ ಅದು ಗೊತ್ತಿತ್ತು. ಅವನು ಕಾಗದವನ್ನು ಇನ್ನೊಮ್ಮೆ ಓದಿದ. ಆಮೇಲೆ ಕೈ ತೆಗೆದ. ತೆಗೆದು, ಪ್ಯಾಂಟಿಗೆ ಒರೆಸಿಕೊಂಡು ಹೇಳಿದ:

“ಇದರದು ಮುಗದದ್ರೀ ಮೇಡಂ. ಒಂದ್ ವರ್ಷ ಬಂದ್ರ ಭಾಳ.”

ಹೊಸ ಮೋಟಾರು ಬೇಸಿಗೆಯಲ್ಲಿ ಬಂತು. ಮೈ ನನ್ನ ಅರ್ಧದಷ್ಟೂ ಇಲ್ಲ, ಗತ್ತು ಮಾತ್ರ ಎರಡರಷ್ಟು. ನನ್ನನ್ನು ಕ್ರೇನಿನಲ್ಲಿ ಎತ್ತಿ, ಬೇಕಾದೀತು ಇರಲಿ ಎಂದು ಗುಜರಿ ಅಂಗಳದ ಮೂಲೆಯಲ್ಲಿ ಇಳಿಸಿದರು. ನಾನಿರುವಲ್ಲಿಂದ ಕಂಟ್ರೋಲ್ ರೂಮಿನ ಕಿಟಕಿ ಕಾಣುತ್ತದೆ. ಗಾಜಿನ ಹಿಂದೆ ಮಲ್ಕಣ್ಣ ಪರದೆ ನೋಡುತ್ತ ಕೂತಿರುತ್ತಿದ್ದ. ಹೊಸ ಡ್ರೈವಿನ ಅಂಕಿಗಳನ್ನು ಅವನಷ್ಟು ಬೇಗ ಓದುವವರಿಲ್ಲ ಎಂದು ಲಾರಿಯವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿತ್ತು. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಆದರೆ ಅವನು ನನ್ನ ಕಡೆ ಒಮ್ಮೆಯೂ ಬರಲಿಲ್ಲ. ಇನ್ನೂರು ಹೆಜ್ಜೆ ಅಷ್ಟೆ. ಪಾಳಿ ಮುಗಿಸಿ ಹೋಗುವಾಗ ಗುಜರಿ ಅಂಗಳದ ದಾರಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದ. ಮಳೆಗಾಲ, ಚಳಿಗಾಲ, ಬೇಸಿಗೆ, ಹೀಗೆ ಹತ್ತು ಸುತ್ತು. ನನ್ನ ಕಿಟಕಿಯಲ್ಲಿ ಅಳಿಲು ಮರಿ ಹಾಕಿತು, ಒಳಗಿನ ತಾಮ್ರ ಹಸಿರಾಯಿತು. ನಾನು ಆ ಅಂಗೈಗಾಗಿ ಕಾದೆ. ಇಷ್ಟು ತೂಕದವನಿಗೆ ಇಷ್ಟು ಆಸೆ ಇರಬಾರದು, ಇತ್ತು.

ನಿನ್ನೆ ಅವನು ನಿವೃತ್ತನಾದ. ಮಧ್ಯಾಹ್ನ ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಕೊರಳ ಹಾರ ತೆಗೆಯದೆ ಸೀದಾ ಇತ್ತ ನಡೆದು ಬಂದ. ಹತ್ತು ಹೆಜ್ಜೆ ದೂರದಲ್ಲಿ ನಿಂತ. ಕೂದಲೆಲ್ಲ ಬೆಳ್ಳಗಾಗಿತ್ತು. ಯಾರೂ ಇಲ್ಲವೆಂದುಕೊಂಡು ಮಾತಾಡಿದ. ಅವನ ಕಿವಿ ಪೂರ್ತಿ ಹೋಗಿತ್ತು. ಮೆಲ್ಲಗೆ ಹೇಳಿದೆನೆಂದು ಅವನು ತಿಳಿದಿರಬೇಕು, ಅಂಗಳವೆಲ್ಲ ಕೇಳಿಸಿತು.

“ಹತ್ತ್ ವರ್ಷ ಇತ್ತು ನಿನ್ನಾಗ. ಗೊತ್ತಿದ್ದೇ ಸುಳ್ಳ್ ಹೇಳ್ದೆ. ಆ ಚೀಲದಾಗ ನಾ ಸಾಯ್ತಿದ್ದೆ.”

ನನಗೆ ಹೇಳಬೇಕಾದದ್ದು ಎಷ್ಟೊಂದಿತ್ತು. ನೀನು ನಿಜ ಹೇಳಿದ್ದರೆ ನಾನು ಹತ್ತು ವರ್ಷ ಬೇರೆಯವರ ಕೈಯಲ್ಲಿ ತಿರುಗುತ್ತಿದ್ದೆ, ನೀನು ಕೆಳಗೆ ಕಂಬ ಹಿಡಿದು ನಿಂತಿರುತ್ತಿದ್ದೆ, ಅದು ಯಾರಿಗೆ ಬೇಕಾಗಿತ್ತು ಎನ್ನಬೇಕಿತ್ತು. ಸುಳ್ಳಿಗಲ್ಲ, ನೀನು ಬಾರದ್ದಕ್ಕೆ ನನಗೆ ಸಿಟ್ಟು ಎನ್ನಬೇಕಿತ್ತು. ಕರೆಂಟಿಲ್ಲದ ಮೋಟಾರು ಏನು ಹೇಳೀತು?

ಅವನು ಹತ್ತಿರ ಬಂದ. ನನ್ನ ಬೆನ್ನ ಮೇಲಿನ ಧೂಳನ್ನು ಹೊಸ ಶಾಲಿನಿಂದಲೇ ಒರೆಸಿ ಅಂಗೈ ಇಟ್ಟ. ವೈಶಾಖದ ಬಿಸಿಲಿಗೆ ನನ್ನ ಮೈ ಸುಡುತ್ತಿತ್ತು. ಬೇರಿಂಗಿನ ಬಿಸಿ ಯಾವುದು, ಬಿಸಿಲಿನ ಬಿಸಿ ಯಾವುದು ಎಂದು ಆ ಕೈಗೆ ತಿಳಿಯದೇ? ತಿಳಿದೂ ಅವನು ಕೈ ತೆಗೆಯಲಿಲ್ಲ.